ಮೀಟರಿನ ಮುಳ್ಳು, ಯಾರ ಸುಳ್ಳು?

ಮಲೆನಾಡಿನ ತೋಟಗಳಲ್ಲಿ ಓಡುವ ಹಳೆಯ ಜೀಪುಗಳ ಸೀಟಿನ ಪಕ್ಕದಲ್ಲಿ ಒಂದು ಕಡ್ಡಿ ಕಾಣಸಿಗುವುದುಂಟು. ಡೀಸೆಲ್ ಎಷ್ಟಿದೆ ಎಂದು ನೋಡಬೇಕಾದರೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಬೇಕು. ಒದ್ದೆಯಾದಷ್ಟು ಡೀಸೆಲ್ ಎಂದು ಲೆಕ್ಕ. ಡ್ಯಾಶ್‌ಬೋರ್ಡಿನಲ್ಲಿ ಮೀಟರ್ ಇಲ್ಲವೆಂದಲ್ಲ. ಇದೆ, ಆದರೆ ಅದರ ಮುಳ್ಳು ಎಂದೋ ಮಲಗಿದೆ. ಪೇಟೆಯ ಹಳೆಯ ಕಾರುಗಳ ಕಥೆಯೂ ಇಷ್ಟೇ. ಟ್ಯಾಂಕ್ ತುಂಬಿಸಿದರೂ ಮುಳ್ಳು ಅರ್ಧ ದಾಟುವುದಿಲ್ಲ, ಸ್ಪೀಡೋಮೀಟರ್ ನಲವತ್ತು ಅರವತ್ತರ ನಡುವೆ ನಡುಗುತ್ತಿರುತ್ತದೆ, ಟೆಂಪರೇಚರ್ ಮೀಟರ್ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಗ್ಯಾರೇಜಿನಲ್ಲಿ ಕೇಳಿದರೆ ಸಿಗುವ ಉತ್ತರ ಎರಡೇ: "ಹಳೇ ಗಾಡಿ ಅಲ್ವಾ ಸಾರ್, ಮೀಟರ್ ಎಲ್ಲಾ ಹಂಗೇನೇ" ಅಥವಾ "ಹೊಸ ಮೀಟರ್ ಹಾಕ್ಬಿಡೋಣ".

ಈ ಎರಡೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ಹಳೆಯ ಗಾಡಿಯ ಮೀಟರುಗಳು ಬಹಳ ಸರಳವಾದವು, ಗಟ್ಟಿಯಾದವು. ಅವು ಕೆಡುವುದು ಕಡಿಮೆ. ತಪ್ಪು ಹೆಚ್ಚಿನ ಸಲ ಮೀಟರಿಗೆ ಬರುವ ದಾರಿಯಲ್ಲಿರುತ್ತದೆ: ತುಕ್ಕು ಹಿಡಿದ ಒಂದು ಬೋಲ್ಟು, ಸಡಿಲವಾದ ಒಂದು ವೈರು, ತೂತಾದ ಒಂದು ಫ್ಲೋಟು. ಅದನ್ನು ಹುಡುಕಲು ದುಬಾರಿ ಯಂತ್ರ ಬೇಡ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್, ಟ್ಯಾಂಕಿನಿಂದ ಬ್ಯಾಟರಿಗೆ ಮುಟ್ಟುವಷ್ಟು ವೈರು, ಒಂದು ಸಣ್ಣ ಬಲ್ಬು ಮತ್ತು ಅರ್ಧ ದಿನದ ಬಿಡುವು ಸಾಕು.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಫ್ಯೂಯೆಲ್ ಮೀಟರಿಗೆ ಪೆಟ್ರೋಲ್ ಗೊತ್ತಿಲ್ಲ, ಟೆಂಪರೇಚರ್ ಮೀಟರಿಗೆ ಬಿಸಿ ಗೊತ್ತಿಲ್ಲ. ಅವಕ್ಕೆ ಗೊತ್ತಿರುವುದು ತಮ್ಮ ಮೂಲಕ ಹರಿಯುವ ವಿದ್ಯುತ್ತು ಮಾತ್ರ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮೀಟರನ್ನು ದಾಟಿ, ಟ್ಯಾಂಕಿನಲ್ಲೋ ಎಂಜಿನ್ನಿನಲ್ಲೋ ಕೂತ ಸೆನ್ಸರನ್ನು ದಾಟಿ, ಗಾಡಿಯ ಬಾಡಿಯ ಮೂಲಕ, ಅಂದರೆ ಅರ್ಥ್ ಮೂಲಕ, ಬ್ಯಾಟರಿಗೆ ಮರಳುತ್ತದೆ. ಸೆನ್ಸರಿನ ಪ್ರತಿರೋಧ ಹೆಚ್ಚಾದರೆ ವಿದ್ಯುತ್ತು ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಮುಳ್ಳು ಅದಕ್ಕೆ ತಕ್ಕಂತೆ ಆಡುತ್ತದೆ. ಈ ಸುತ್ತಿನಲ್ಲಿ ಎಲ್ಲೇ ತುಕ್ಕು ಕೂತರೂ ಮೀಟರ್ ಅದನ್ನೂ ಪೆಟ್ರೋಲೋ ಬಿಸಿಯೋ ಎಂದೇ ಓದುತ್ತದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ: ತಪ್ಪು ತೋರಿಸುತ್ತಿರುವುದು ಒಂದೇ ಮೀಟರೋ, ಇಲ್ಲಾ ಎರಡು ಮೂರು ಒಟ್ಟಿಗೋ? ಒಂದೇ ಆದರೆ ಆ ಮೀಟರಿನ ಸೆನ್ಸರ್, ವೈರು, ಅರ್ಥ್ ಮೇಲೆ ಕಣ್ಣಿಡಿ. ಫ್ಯೂಯೆಲ್ ಮತ್ತು ಟೆಂಪರೇಚರ್ ಎರಡೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಅಥವಾ ಎರಡೂ ಒಟ್ಟಿಗೆ ಸತ್ತಿದ್ದರೆ ಸೆನ್ಸರುಗಳನ್ನು ಬಿಚ್ಚುವುದು ದಂಡ. ಎರಡಕ್ಕೂ ಸಾಮಾನ್ಯವಾದ ಏನೋ ಒಂದು ಕೆಟ್ಟಿದೆ. ಇಷ್ಟು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಆ ಸಾಮಾನ್ಯ ವಸ್ತುವಿನ ಹೆಸರು ವೋಲ್ಟೇಜ್ ಸ್ಟೆಬಿಲೈಸರ್. ಫ್ರಿಜ್ಜಿನ ಪಕ್ಕ ಇಡುವಂಥದ್ದಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ, ಮೀಟರುಗಳ ಹಿಂದೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಇದೇಕೆ ಬೇಕು ಎಂದರೆ, ಆ ಕಾಲದ ಅನೇಕ ಮೀಟರುಗಳಲ್ಲಿ ಮುಳ್ಳನ್ನು ತಳ್ಳುವುದು ಎರಡು ಲೋಹಗಳನ್ನು ಬೆಸೆದ ಪಟ್ಟಿ. ಅದರ ಮೇಲೆ ಸುತ್ತಿದ ತಂತಿಯಲ್ಲಿ ವಿದ್ಯುತ್ತು ಹರಿದು ಬಿಸಿಯಾದಾಗ ಪಟ್ಟಿ ಬಾಗುತ್ತದೆ, ಮುಳ್ಳು ಮೇಲೇರುತ್ತದೆ. ಆದರೆ ಬ್ಯಾಟರಿ ವೋಲ್ಟೇಜ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಎಂಜಿನ್ ನಿಂತಾಗ 12.6ರ ಆಸುಪಾಸು, ಡೈನಮೋ ಅಥವಾ ಆಲ್ಟರ್ನೇಟರ್ ಚಾರ್ಜ್ ಮಾಡುವಾಗ 14ರ ಹತ್ತಿರ. ನೇರ ಬ್ಯಾಟರಿಗೆ ಜೋಡಿಸಿದರೆ ಎಂಜಿನ್ ಚಾಲೂ ಆದ ಕೂಡಲೇ ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚಾದಂತೆ ಕಾಣುತ್ತದೆ! ಅದಕ್ಕೇ ಸ್ಮಿತ್ಸ್ ಕಂಪನಿಯ ಮೀಟರುಗಳಿದ್ದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಸರಾಸರಿ 10 ವೋಲ್ಟಿಗೆ, ಅಮೆರಿಕದ ಹಲವು ಗಾಡಿಗಳಲ್ಲಿ ಸರಾಸರಿ 5 ವೋಲ್ಟಿಗೆ ಇಳಿಸುವ ಸ್ಟೆಬಿಲೈಸರ್ ಇಟ್ಟರು.

ನಿಮ್ಮ ಗಾಡಿಯ ಮೀಟರ್ ಈ ಜಾತಿಯದೇ ಎಂದು ತಿಳಿಯಲು ಕೀ ತಿರುಗಿಸಿ ಮುಳ್ಳನ್ನು ನೋಡಿ. ನಿಧಾನವಾಗಿ, ಹಲವು ಸೆಕೆಂಡು ತೆಗೆದುಕೊಂಡು ಏರಿದರೆ ಬಿಸಿಯಿಂದ ಬಾಗುವ ಜಾತಿ. ತಟ್ಟನೆ ಜಿಗಿದು ನಿಂತರೆ ಕಾಂತದ ಸುರುಳಿಗಳ ಜಾತಿ. ಈ ಎರಡನೆಯದಕ್ಕೆ ಸಾಮಾನ್ಯವಾಗಿ ಸ್ಟೆಬಿಲೈಸರ್ ಬೇಕಿಲ್ಲ.

ಹಳೆಯ ಸ್ಟೆಬಿಲೈಸರ್ ಕೂಡ ಬಿಸಿಯಾಗಿ ಬಾಗುವ ಪಟ್ಟಿಯಿಂದಲೇ ಕೆಲಸ ಮಾಡುತ್ತದೆ. ಪಾಯಿಂಟುಗಳು ಕೂಡುತ್ತ ಬಿಡುತ್ತ ಇರುತ್ತವೆ. ಹೊರಗೆ ಬರುವುದು ತುಂಡು ತುಂಡಾದ 12 ವೋಲ್ಟ್, ಅದರ ಸರಾಸರಿ 10. ಡಿಜಿಟಲ್ ಮಲ್ಟಿಮೀಟರ್ ಹಿಡಿದರೆ ಅಂಕಿಗಳು ಕುಣಿಯುತ್ತವೆ, ಗಾಬರಿ ಬೇಡ. ಸಣ್ಣ ಬಲ್ಬನ್ನು ಅದರ ಔಟ್‌ಪುಟ್ಟಿಗೂ ಅರ್ಥಿಗೂ ಜೋಡಿಸಿ. ಮಿಣುಕಿದರೆ ಅದಕ್ಕೆ ಜೀವವಿದೆ. ಒಂದೇ ಸಮ ಉರಿದರೆ ಪಾಯಿಂಟು ಅಂಟಿಕೊಂಡಿದೆ, ಇಲ್ಲವೇ ಡಬ್ಬಿಗೆ ಅರ್ಥ್ ಸಿಗುತ್ತಿಲ್ಲ. ಅರ್ಥ್ ಇಲ್ಲದಿದ್ದರೆ ಒಳಗಿನ ಪಟ್ಟಿ ಬಿಸಿಯಾಗುವುದೇ ಇಲ್ಲ, ಪಾಯಿಂಟು ಬಿಡುವುದೇ ಇಲ್ಲ, ಪೂರ್ತಿ ಬ್ಯಾಟರಿ ವೋಲ್ಟೇಜ್ ಮೀಟರುಗಳಿಗೆ ನುಗ್ಗುತ್ತದೆ. ಆಗ ಪೆಟ್ರೋಲೂ ಹೆಚ್ಚು, ಬಿಸಿಯೂ ಹೆಚ್ಚು. ಹಿಂದೆಂದೋ ಡ್ಯಾಶ್‌ಬೋರ್ಡ್ ಬಿಚ್ಚಿದವರು ಆ ಒಂದು ಸ್ಕ್ರೂ ಬಿಗಿ ಮಾಡಲು ಮರೆತಿದ್ದರೂ ಸಾಕು. ಡಬ್ಬಿಯೇ ಸತ್ತಿದ್ದರೆ 7810 ಎಂಬ ಮೂರು ಕಾಲಿನ ಐಸಿ ಹಾಕಿ ಅದೇ ಕೆಲಸ ಮಾಡಿಸಬಹುದು; ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬ್ಯಾಟರಿಯ ಪಾಸಿಟಿವ್ ಬಾಡಿಗೆ ಜೋಡಿಸಿರುವ ತೀರಾ ಹಳೆಯ ಗಾಡಿಗಳಿಗೆ ಮಾತ್ರ ಇದು ಹೊಂದುವುದಿಲ್ಲ.

ಇನ್ನು ಅರ್ಥಿನ ಮಾತು. ನನ್ನನ್ನು ಕೇಳಿದರೆ ಹಳೆಯ ಗಾಡಿಯ ಎಲೆಕ್ಟ್ರಿಕಲ್ ತೊಂದರೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಉಡುಪಿ, ಕಾರವಾರದ ಕಡಲಂಚಿನ ಉಪ್ಪುಗಾಳಿಯಲ್ಲೂ ಮಲೆನಾಡಿನ ಮಳೆಯಲ್ಲೂ ನಿಂತ ಗಾಡಿಗಳಲ್ಲಂತೂ ಬಾಡಿಯ ಕೀಲುಕೀಲಿಗೆ ತುಕ್ಕು ಸೇರಿರುತ್ತದೆ. ಜೊತೆಗೆ ಪೇಂಟ್ ಮಾಡಿಸಿದಾಗ ಅರ್ಥ್ ವೈರ್ ಕೂರುವ ಜಾಗಕ್ಕೂ ಬಣ್ಣ ಹೊಡೆದಿರುತ್ತಾರೆ. ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಕೀ ಆನ್ ಇಟ್ಟು, ಫ್ಯೂಯೆಲ್ ಮುಳ್ಳಿನ ಮೇಲೆ ಕಣ್ಣಿಟ್ಟು ಬ್ರೇಕ್ ಒತ್ತಿ, ಹೆಡ್‌ಲೈಟ್ ಹಾಕಿ, ಇಂಡಿಕೇಟರ್ ಹಾಕಿ. ನಿಂತ ಗಾಡಿಯಲ್ಲಿ ಪೆಟ್ರೋಲ್ ಅಲುಗಾಡುವುದಿಲ್ಲ. ಆದರೂ ಮುಳ್ಳು ಕದಲಿದರೆ ಹಿಂದಿನ ದೀಪಗಳೂ ಟ್ಯಾಂಕಿನ ಸೆನ್ಸರೂ ಒಂದೇ ಹಾಳು ಅರ್ಥನ್ನು ಹಂಚಿಕೊಂಡಿವೆ ಎಂದು ತಿಳಿಯಿರಿ. ಖಾತ್ರಿ ಮಾಡಿಕೊಳ್ಳಲು ಟ್ಯಾಂಕಿನ ಸೆನ್ಸರಿನ ಲೋಹದ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ನೇರವಾಗಿ ಒಂದು ವೈರ್ ಎಳೆಯಿರಿ. ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ರೋಗ ಸಿಕ್ಕಿತು. ಬೋಲ್ಟ್ ಬಿಚ್ಚಿ, ಎಮರಿ ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದು, ಮೇಲೆ ತೆಳುವಾಗಿ ಗ್ರೀಸ್ ಸವರಿದರೆ ವರ್ಷಗಟ್ಟಲೆ ಚಿಂತೆಯಿಲ್ಲ.

ಪೆಟ್ರೋಲ್ ಟ್ಯಾಂಕಿನ ಬಳಿ ವೈರ್ ಜೋಡಿಸುವಾಗ ಕೀ ಆಫ್ ಇರಲೇಬೇಕು. ಗಾಡಿ ಬಯಲಿನಲ್ಲಿರಬೇಕು. ವೈರ್ ಮೊದಲು ಗಟ್ಟಿಯಾಗಿ ಜೋಡಿಸಿ, ಆಮೇಲೆ ದೂರ ಹೋಗಿ ಕೀ ತಿರುಗಿಸಿ. ಬಿಡಿಸುವಾಗಲೂ ಇದೇ ಕ್ರಮ. ಸೆನ್ಸರನ್ನು ಟ್ಯಾಂಕಿನಿಂದ ಹೊರಗೆ ತೆಗೆಯುವ ಕೆಲಸವಿದ್ದರೆ ಬ್ಯಾಟರಿಯ ಟರ್ಮಿನಲ್ಲನ್ನೇ ಬಿಚ್ಚಿಡಿ. ಟ್ಯಾಂಕಿನ ಆವಿಗೆ ಒಂದು ಕಿಡಿ ಸಾಕು.

ಟ್ಯಾಂಕಿನೊಳಗಿನದು ನಿಜಕ್ಕೂ ಚೆಂದದ ಉಪಕರಣ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವಿನ ಹಾಗೆ ಒಂದು ತೋಳು, ತುದಿಗೆ ತೇಲುವ ಫ್ಲೋಟ್. ತೋಳು ಮೇಲೆ ಕೆಳಗೆ ಆಡಿದಂತೆ ಅದರ ಇನ್ನೊಂದು ತುದಿ ಪ್ರತಿರೋಧದ ತಂತಿಯ ಮೇಲೆ ಜಾರುತ್ತದೆ. ಹಿತ್ತಾಳೆಯ ಫ್ಲೋಟಿನ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಒಳಗೆ ಪೆಟ್ರೋಲ್ ಸೇರಿ ಅದು ಮುಳುಗುತ್ತದೆ. ಟ್ಯಾಂಕ್ ತುಂಬಿದ್ದರೂ ಮೀಟರ್ ಖಾಲಿ ಎನ್ನುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ದ್ರವದ ಸದ್ದು ಕೇಳುತ್ತದೆ. ತಂತಿ ಒಂದು ಜಾಗದಲ್ಲಿ ಸವೆದಿದ್ದರೆ ಮುಳ್ಳು ಅಲ್ಲಿಗೆ ಬಂದಾಗ ಮಾತ್ರ ಬಿದ್ದು ಮತ್ತೆ ಏಳುತ್ತದೆ. ಸೆನ್ಸರನ್ನು ಹೊರಗೆ ತೆಗೆದು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ತೋಳನ್ನು ನಿಧಾನವಾಗಿ ಎತ್ತಿ ನೋಡಿ. ಅಂಕಿ ನಡುವೆ ಎಲ್ಲೂ ಮಾಯವಾಗದೆ, ಜಿಗಿಯದೆ ಸಮನಾಗಿ ಬದಲಾಗಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು, ಹಳೆಯ ಗಾಡಿಯ ರಬ್ಬರಿಗೂ ಹಿತವಲ್ಲದ್ದು. ಸೆನ್ಸರ್ ಬಿಚ್ಚಿದ ದಿನ ಅದರ ಗ್ಯಾಸ್ಕೆಟ್, ಟ್ಯಾಂಕಿನ ಒಳಮೈ ಎರಡನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿಬಿಡುವುದು ಜಾಣತನ. ಟಾರ್ಚು ಟ್ಯಾಂಕಿನ ಹೊರಗೇ ಇರಲಿ.

ಬಹಳ ಮಂದಿ ಎಡವುವ ಜಾಗ ಇಲ್ಲೊಂದಿದೆ. ಟ್ಯಾಂಕಿನ ಸೆನ್ಸರುಗಳೆಲ್ಲ ಒಂದೇ ಅಲ್ಲ. ಸ್ಮಿತ್ಸ್ ಮಾದರಿಯಲ್ಲಿ ಟ್ಯಾಂಕ್ ಖಾಲಿಯಿದ್ದಾಗ ಪ್ರತಿರೋಧ 240 ಓಮ್ ಆಸುಪಾಸು, ತುಂಬಿದಾಗ 30ರ ಆಸುಪಾಸು. ಜನರಲ್ ಮೋಟರ್ಸಿನ ಪ್ರಸಿದ್ಧ ಮಾದರಿಯಲ್ಲಿ ಖಾಲಿಗೆ 0, ತುಂಬಿದಾಗ 90. ಅಂದರೆ ಪೂರ್ತಿ ಉಲ್ಟಾ. ಯುರೋಪಿನ ವಿಡಿಓ ಮಾದರಿ 10ರಿಂದ 180ಕ್ಕೆ ಏರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ "ಇದೇ ಸಾರ್, ಕೂರುತ್ತೆ" ಎಂದು ಕೊಟ್ಟದ್ದು ಬೋಲ್ಟಿನ ತೂತುಗಳಿಗೆ ಕೂರುತ್ತದೆ ನಿಜ. ಮೀಟರಿಗೆ ಹೊಂದುತ್ತದೆ ಎಂಬ ಖಾತ್ರಿ ಅದರಲ್ಲಿಲ್ಲ. ಹೊಸ ಸೆನ್ಸರ್ ಹಾಕಿದ ಮೇಲೆ ತುಂಬಿದ ಟ್ಯಾಂಕ್ ಅರ್ಧ ಎಂದು ತೋರಿಸತೊಡಗಿದರೆ ಕಾರಣ ಇದೇ ಇರಬೇಕು. ಮಲ್ಟಿಮೀಟರನ್ನು ಅಂಗಡಿಗೇ ಒಯ್ಯಿರಿ. ಕೊಳ್ಳುವ ಮೊದಲು ತೋಳು ಎತ್ತಿ ಓಮ್ ನೋಡಿಕೊಂಡರೆ ಅಂಗಡಿಯವರೇನೂ ಬೇಸರಿಸುವುದಿಲ್ಲ.

ಒಂದು ಸಂಗತಿಯನ್ನು ಮಾತ್ರ ದೋಷವೆಂದು ತಿಳಿಯಬೇಡಿ. ಮೇಲಿನ ಅರ್ಧ ಬಹಳ ದೂರ ಬರುತ್ತದೆ, ಕೆಳಗಿನ ಅರ್ಧ ಬೇಗ ಇಳಿಯುತ್ತದೆ ಎಂಬ ದೂರು ಸಾಮಾನ್ಯ. ಟ್ಯಾಂಕ್ ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವುದಿಲ್ಲ. ಫ್ಲೋಟ್ ಮೇಲೆ ತಾಗಿ ನಿಂತ ಮೇಲೂ ಮೂತಿಯವರೆಗೆ ಪೆಟ್ರೋಲ್ ಹಿಡಿಯುತ್ತದೆ. ಟ್ಯಾಂಕ್ ಖಾಲಿಯಾದಾಗ ಐದೈದು ಲೀಟರ್ ಹಾಕುತ್ತ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಯಾವ ಮೆಕ್ಯಾನಿಕ್ಕೂ ಕೊಡಲಾಗದ ನಿಮ್ಮದೇ ಗಾಡಿಯ ನಿಖರ ಲೆಕ್ಕ ಅದು.

ಟೆಂಪರೇಚರ್ ಮೀಟರ್ ವಿಷಯದಲ್ಲಿ ನನ್ನ ನಿಲುವು ಬೇರೆ. ಫ್ಯೂಯೆಲ್ ಮೀಟರನ್ನು ಅನುಮಾನಿಸಿ. ಟೆಂಪರೇಚರ್ ಮೀಟರನ್ನು ಮೊದಲು ನಂಬಿ. ಮುಳ್ಳು ಕೆಂಪಿಗೆ ಹೋದರೆ ಗಾಡಿ ನಿಲ್ಲಿಸಿ, ಎಂಜಿನ್ ತಣಿಸಿ, ನೀರು ನೋಡಿ. ಸೆನ್ಸರ್ ಕೆಟ್ಟಿರಬೇಕು ಎಂಬ ಮಾತು ಆಮೇಲೆ. ತಪ್ಪು ತಿಳಿದರೆ ಹೋಗುವುದು ಹೆಡ್ ಗ್ಯಾಸ್ಕೆಟ್, ಕೆಲವೊಮ್ಮೆ ಎಂಜಿನ್ನೇ.

ಅದಕ್ಕಿಂತ ಅಪಾಯದ್ದು ಮುಳ್ಳು ಕೆಳಗೆ ಬೀಳುವುದು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಚಾಲಕರು ನಿಟ್ಟುಸಿರು ಬಿಡುತ್ತಾರೆ. ಬಿಡಬಾರದು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ನೀರು ಸೋರಿಹೋಗಿ ಅದರ ಸುತ್ತ ಗಾಳಿ ತುಂಬಿದರೆ ಎಂಜಿನ್ ಸುಡುತ್ತಿದ್ದರೂ ಮೀಟರ್ ತಣ್ಣಗಿದೆ ಎನ್ನುತ್ತದೆ. ಘಾಟಿಯಲ್ಲಿ ಹಠಾತ್ತಾಗಿ ಇಳಿದ ಮುಳ್ಳನ್ನು ಏರಿದ ಮುಳ್ಳಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಆಗಲೇ ತೆರೆಯಬೇಡಿ.

ಮುಳ್ಳು ಸದಾ ಕೆಳಗೇ ಇರುವ ಗಾಡಿಗಳಲ್ಲಿ ಇನ್ನೊಂದು ಸಾಧ್ಯತೆ ಉಂಟು: ಮೀಟರ್ ಸತ್ಯವನ್ನೇ ಹೇಳುತ್ತಿದೆ. ಬಿಸಿಯಾಗುತ್ತೆ ಎಂದು ದೂರು ಬಂದಾಗ ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಸುಮಾರು 82 ಡಿಗ್ರಿಯವರೆಗೆ ನೀರನ್ನು ತಡೆದು ಎಂಜಿನ್ನನ್ನು ಬೇಗ ಹದಕ್ಕೆ ತರುವ ವಾಲ್ವು ಅದು. ತೆಗೆದರೆ ಎಂಜಿನ್ ಹದವಾದ ಬಿಸಿಗೆ ಬರಲು ಹೆಣಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಅಂಥ ಗಾಡಿಗೆ ಹೊಸ ಸೆನ್ಸರ್ ಹಾಕಿ ಏನು ಪ್ರಯೋಜನ? ಥರ್ಮೋಸ್ಟಾಟ್ ಮರಳಿ ಹಾಕಿಸಿ, ಬಿಸಿಯಾಗಲು ನಿಜವಾದ ಕಾರಣವೇನೆಂದು ರೇಡಿಯೇಟರಿನಲ್ಲಿ ಹುಡುಕಬೇಕು.

ಸೆನ್ಸರಿನ ಪರೀಕ್ಷೆಯನ್ನು ಅಡುಗೆಮನೆಯಲ್ಲೇ ಮಾಡಬಹುದು. ಅದು ಬಿಸಿಯಾದಷ್ಟೂ ಪ್ರತಿರೋಧ ಕಳೆದುಕೊಳ್ಳುವ ವಸ್ತು. ಹಳೆಯ ಪಾತ್ರೆಯ ನೀರಿನಲ್ಲಿ ಅದರ ತುದಿ ಮುಳುಗಿಸಿ, ಥರ್ಮಾಮೀಟರ್ ಇಟ್ಟು ಕಾಯಿಸುತ್ತ ಓಮ್ ನೋಡಿ. ನೀರು ಕುದಿಯುವವರೆಗೂ ಅಂಕಿ ತಡವರಿಸದೆ ಇಳಿಯುತ್ತ ಹೋದರೆ ಸೆನ್ಸರ್ ಆರೋಗ್ಯವಾಗಿದೆ. ಮರಳಿ ಕೂರಿಸುವಾಗ ಅದರ ತಿರುಪಿನ ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ. ಒಂದೇ ವೈರಿನ ಸೆನ್ಸರಿಗೆ ಅರ್ಥ್ ಸಿಗುವುದೇ ಆ ಥ್ರೆಡ್ಡಿನಿಂದ. ಪ್ಲಂಬರ್ ಕೆಲಸಕ್ಕೆ ಒಳ್ಳೆಯದಾದ ಟೇಪು ಇಲ್ಲಿ ಮೀಟರನ್ನು ಕೊಲ್ಲುತ್ತದೆ. ಸೆನ್ಸರಿನ ವೈರನ್ನು ಬಿಚ್ಚಿದಾಗ ಮುಳ್ಳು ತಣ್ಣನೆಯ ಕಡೆಗೆ ಬಿದ್ದು, ಅದೇ ವೈರನ್ನು ಸಣ್ಣ ಬಲ್ಬಿನ ಮೂಲಕ ಅರ್ಥಿಗೆ ಮುಟ್ಟಿಸಿದಾಗ ಬಿಸಿಯ ಕಡೆಗೆ ಏರಿದರೆ ಮೀಟರೂ ವೈರೂ ಸರಿಯಿವೆ. ನೇರ ಅರ್ಥಿಗೆ ಹೆಚ್ಚು ಹೊತ್ತು ಹಿಡಿದರೆ ಮೀಟರಿನ ಸುರುಳಿ ಸುಟ್ಟೀತು, ಬಲ್ಬು ಅದಕ್ಕೇ.

ಆಯಿಲ್ ಪ್ರೆಶರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೀಟರ್ ಸೊನ್ನೆಗೆ ಬಿದ್ದರೆ ಅಥವಾ ಕೆಂಪು ದೀಪ ಹತ್ತಿದರೆ ಎಂಜಿನ್ ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ, ಸೆನ್ಸರಿನ ಜಾಗದಲ್ಲಿ ಗ್ಯಾರೇಜಿನ ಮೆಕ್ಯಾನಿಕಲ್ ಗೇಜ್ ಹಾಕಿಸಿ ನಿಜವಾದ ಒತ್ತಡ ಅಳೆಸಿ. ಅದಕ್ಕೆ ಮೊದಲು ಊಹೆಗೆ ಎಡೆಯಿಲ್ಲ.

ಸ್ಪೀಡೋಮೀಟರಿನದು ಬೇರೆಯೇ ಲೋಕ. ಹಳೆಯ ಗಾಡಿಗಳಲ್ಲಿ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಕಾಂತವನ್ನು ತಿರುಗಿಸುತ್ತದೆ. ಕಾಂತದ ಸುತ್ತ, ಅದಕ್ಕೆ ತಾಗದಂತೆ, ಅಲ್ಯೂಮಿನಿಯಂ ಬಟ್ಟಲು. ತಿರುಗುವ ಕಾಂತ ಬಟ್ಟಲಿನಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ ಅದನ್ನು ಜೊತೆಗೆ ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಇಬ್ಬರ ಜಗ್ಗಾಟ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೊ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದೇ ತತ್ವ ನಮ್ಮ ಅಂಬಾಸಿಡರ್, ಪದ್ಮಿನಿ, ಮಾರುತಿ 800ರವರೆಗೂ ನಡೆದು ಬಂತು. ಒಂದು ಬಟ್ಟಲು, ಒಂದು ಕಾಂತ, ಒಂದು ಸ್ಪ್ರಿಂಗ್ ಇಷ್ಟು ಕಾಲ ಬಾಳಿತೆಂಬುದು ನನಗೆ ಈಗಲೂ ಬೆರಗು.

ಮುಳ್ಳು ನಡುಗಿದರೆ ಕೇಬಲ್ ಒಣಗಿದೆ, ಇಲ್ಲಾ ಎಲ್ಲೋ ಚೂಪಾಗಿ ಮಡಚಿಕೊಂಡಿದೆ. ಒಳಕೇಬಲನ್ನು ಎಳೆದು, ಸೀಮೆಎಣ್ಣೆಯಲ್ಲಿ ತೊಳೆದು, ತೆಳುವಾಗಿ ಗ್ರೀಸ್ ಹಚ್ಚಿ. ಮೀಟರ್ ಕಡೆಯ ಒಂದು ಗೇಣನ್ನು ಮಾತ್ರ ಒಣಗಿಸಿಯೇ ಬಿಡಿ. ಗ್ರೀಸ್ ಮೇಲೇರಿ ಬಟ್ಟಲಿಗೆ ಹತ್ತಿದರೆ ಮುಳ್ಳು ಅಂಟಿಕೊಳ್ಳುತ್ತದೆ.

ನಡುಗದೆಯೇ ತಪ್ಪು ವೇಗ ತೋರಿಸುತ್ತಿದ್ದರೆ ಕಿಲೋಮೀಟರ್ ಕಲ್ಲುಗಳ ಸಹಾಯ ಪಡೆಯಿರಿ. ತುಮಕೂರು ಚಿತ್ರದುರ್ಗದ ನಡುವಿನಂಥ ನೇರ ಹೆದ್ದಾರಿಯಲ್ಲಿ ಮುಳ್ಳನ್ನು 60ಕ್ಕೆ ಕಟ್ಟಿಹಾಕಿ, ಪಕ್ಕದಲ್ಲಿ ಕೂತವರು ಒಂದು ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಲಿ. 60 ಸೆಕೆಂಡಾದರೆ ಮೀಟರ್ ಸರಿ. 72 ಆದರೆ ನಿಜವಾದ ವೇಗ 50. ಮೊಬೈಲಿನ ಜಿಪಿಎಸ್ ಕೂಡ ಆದೀತು, ಸಮವೇಗದಲ್ಲಿ ನೇರ ರಸ್ತೆಯಲ್ಲಿ ನೋಡಿದರೆ. ಇದರ ಜೊತೆಗೆ ಓಡೋಮೀಟರನ್ನೂ ಕಲ್ಲುಗಳಿಗೆ ಹೋಲಿಸಿ. ಕಿಲೋಮೀಟರ್ ಎಣಿಕೆ ಸರಿಯಿದ್ದು ವೇಗ ಮಾತ್ರ ತಪ್ಪಿದ್ದರೆ ದೋಷ ಮೀಟರಿನ ಒಳಗೆ: ಕಾಂತ ಸೊರಗಿದರೆ ಕಡಿಮೆ ತೋರಿಸುತ್ತದೆ, ಸ್ಪ್ರಿಂಗ್ ಸಡಿಲವಾದರೆ ಹೆಚ್ಚು. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೀಟರ್ ಮುಟ್ಟಬೇಡಿ, ಟಯರ್ ನೋಡಿ. ಮಾರುತಿ 800ರ 145/70 ಆರ್ 12 ಟಯರಿನ ಜಾಗಕ್ಕೆ 145/80 ಆರ್ 12 ಹಾಕಿದರೆ ಚಕ್ರದ ಅಡ್ಡಳತೆ ಸುಮಾರು 508 ಮಿಲಿಮೀಟರಿನಿಂದ 537ಕ್ಕೆ ಏರುತ್ತದೆ. ಮೀಟರ್ 80 ಎಂದಾಗ ಗಾಡಿ ಓಡುತ್ತಿರುವುದು 85ರ ಹತ್ತಿರದಲ್ಲಿ. ಮೈಲೇಜ್ ಕಡಿಮೆಯಾಯಿತು ಎಂದು ಕಾರ್ಬ್ಯುರೇಟರ್ ಬಿಚ್ಚಿಸುವವರು ಈ ಲೆಕ್ಕವನ್ನು ಮೊದಲು ಹಾಕಬೇಕು, ಏಕೆಂದರೆ ಓಡೋಮೀಟರ್ ಎಣಿಸದೆ ಬಿಟ್ಟ ಕಿಲೋಮೀಟರುಗಳೂ ಅದರಲ್ಲಿವೆ. ವೇಗವನ್ನು ಸ್ವಲ್ಪ ಹೆಚ್ಚು ತೋರಿಸುವುದು ದೋಷವಲ್ಲ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿ ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಶೇಕಡಾ 10 ಮತ್ತು ಅದರ ಮೇಲೆ 4 ಕಿಲೋಮೀಟರಿನವರೆಗೆ ಹೆಚ್ಚು ತೋರಿಸಬಹುದು.

ಹಳೆಯ ಜೀಪು, ಕಾರುಗಳ ಆಂಪ್ ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಉಳಿದ ಮೀಟರುಗಳಿಗೆ ಬರುವುದು ಎಳೆಯಷ್ಟು ವಿದ್ಯುತ್ತು. ಇದರ ಮೂಲಕ ಸ್ಟಾರ್ಟರ್ ಒಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಗಾಡಿಯ ವಿದ್ಯುತ್ತು ಹರಿಯುತ್ತದೆ. ಹಿಂದಿನ ನಟ್ಟು ಸಡಿಲವಾದರೆ ಅಲ್ಲೇ ಕಾದು ವೈರ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಬ್ಯಾಟರಿ ಬಿಚ್ಚದೆ ಅದರ ಹಿಂದೆ ಕೈ ಹಾಕಬಾರದು. ಪುನಃ ವೈರಿಂಗ್ ಮಾಡಿಸುವವರು ಅದನ್ನು ಬಿಟ್ಟು ವೋಲ್ಟ್ ಮೀಟರ್ ಹಾಕಿಸಿಕೊಂಡರೆ ನಾನು ಬೇಡ ಎನ್ನಲಾರೆ.

ಇಷ್ಟೆಲ್ಲ ನೋಡಿಯೂ ಮುಳ್ಳು ಸರಿಹೋಗದಿದ್ದರೆ ಆಗ ಮೀಟರನ್ನೇ ಹೊರಗೆ ತೆಗೆಯಿರಿ. ಕ್ಲಸ್ಟರಿನ ಹಿಂದೆ ವೈರಿನ ಬದಲು ತೆಳುವಾದ ತಾಮ್ರದ ಹಾಳೆಯ ಸರ್ಕ್ಯೂಟ್ ಇದ್ದರೆ ಅದರಲ್ಲಿ ಬಿರುಕು ಬಿಟ್ಟಿದೆಯೇ, ಮೀಟರಿನ ನಟ್ಟುಗಳು ಸಡಿಲವಾಗಿವೆಯೇ ನೋಡಿ. ಬಿಗಿದು ಉಜ್ಜಿದರೆ ಎಷ್ಟೋ ಮೀಟರುಗಳು ಎದ್ದು ಕೂರುತ್ತವೆ. ಸ್ಮಿತ್ಸ್ ಮಾದರಿಯ ಕೆಲವು ಮೀಟರುಗಳ ಬೆನ್ನಿನಲ್ಲಿ ಎರಡು ಚಿಕ್ಕ ತೂತುಗಳಿದ್ದು, ಒಳಗಿನ ಹಲ್ಲುಗಳನ್ನು ತುಸು ಸರಿಸಿ ಖಾಲಿ ಮತ್ತು ಭರ್ತಿ ಎರಡೂ ತುದಿಗಳನ್ನು ಹೊಂದಿಸಬಹುದು. ಮುಳ್ಳನ್ನೇ ಬೆರಳಿನಿಂದ ಬಗ್ಗಿಸಿ ಸರಿ ಮಾಡಲು ಹೋಗಬೇಡಿ; ಒಂದು ತುದಿ ಕೂಡಿದರೆ ಇನ್ನೊಂದು ತುದಿ ತಪ್ಪುತ್ತದೆ. ಗುಜರಿಯಿಂದ ತರುವುದೇ ಆದರೆ ಮೀಟರ್, ಟ್ಯಾಂಕಿನ ಸೆನ್ಸರ್ ಎರಡನ್ನೂ ಒಂದೇ ಗಾಡಿಯಿಂದ ಜೋಡಿಯಾಗಿ ಬಿಚ್ಚಿಸಿ ತನ್ನಿ, ಸ್ಟೆಬಿಲೈಸರ್ ಉಳಿದಿದ್ದರೆ ಅದನ್ನೂ.